ಸೌಟಿನ ಸದ್ದು

ನರಿ ಕೂಗು ಗಿರಿ ಮುಟ್ಟೀತೆ ಅನ್ನುವ ಮಾತು
ಗ್ಲೆಂಡೇಲಿನಲ್ಲಿ ನಡೆಯುವುದಿಲ್ಲ.
ಇಲ್ಲಿ ಕೂಗು ಹುಟ್ಟುವುದೇ ಗಿರಿಯಲ್ಲಿ,
ಒಣಗಿದ ಕಾಲುವೆಯ ಕಾಂಕ್ರೀಟು ಹಿಡಿದು ಇಳಿಯುತ್ತದೆ
ಕಸದ ಗಾಡಿ ಬರುವ ಮಂಗಳವಾರಕ್ಕೆ ಸರಿಯಾಗಿ.

ನರಿಯಲ್ಲ, ತೋಳವೂ ಅಲ್ಲ, ಕಯೋಟಿ.
ಅಳತೆ ತಪ್ಪಿದ ದರ್ಜಿ ಹೊಲಿದಂತೆ ಸಡಿಲ ಚರ್ಮ,
ಒಂದು ಕಿವಿಯ ತುದಿ ಹರಿದಿದೆ.
ನಿಂತರೆ ಕಾಣುವುದಿಲ್ಲ,
ನಡೆದರೆ ಒಣಹುಲ್ಲಿಗೆ ಕಾಲು ಬಂದ ಹಾಗೆ.

ಅರಕ್ಸಿಗೆ ಅದು ಬರೀ ಬಸುರಿ.
"ನೋಡು, ಹೊಟ್ಟೆ ನೆಲ ಮುಟ್ಟುತ್ತಿದೆ"
ಅಂದಳು ಮಾರ್ಚಿಯಲ್ಲಿ, ಬೇಲಿಯ ಮೇಲಿಂದ.
ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬಡಿಸಿ ಬಂದ ಕೈ
ಮನೆಗೆ ಬಂದರೂ ನಿಂತಿರಲಿಲ್ಲ.
ಕೋಳಿಯ ಚರ್ಮ, ತಳ ಹಿಡಿದ ಅನ್ನ,
ಪಾತ್ರೆಯ ಅಂಚಿಗೆ ಸೌಟು ಬಡಿದು ಕೊಡವುವಳು:
ಟಣ್, ಟಣ್, ಟಣ್.
ಮೂರನೆಯದಕ್ಕೆ ಕಣಗಿಲೆಯ ಸಂದಿಯಲ್ಲಿ ಎರಡು ಕಣ್ಣು.

ನಾನು ನೋಡಿದೆ. ನೋಡಿ ಪರದೆ ಎಳೆದೆ.
ಅವಳು ಕೊಟ್ಟ ಏಪ್ರಿಕಾಟ್ ಜಾಮು
ನನ್ನ ಬ್ರೆಡ್ಡಿನ ಮೇಲಿತ್ತು.

ಮೇ ತಿಂಗಳಲ್ಲಿ ಮೂರನೇ ಮನೆಯ ಬೆಕ್ಕು ಕಾಣೆ.
ದೀಪದ ಕಂಬದಲ್ಲಿ ಅದರ ಫೋಟೊ, ಕೆಳಗೆ
ಬಾಚಣಿಗೆ ಹಲ್ಲಿನಂತೆ ಕತ್ತರಿಸಿದ ಫೋನ್ ನಂಬರು.
ಒಂದು ಹಲ್ಲನ್ನೂ ಯಾರೂ ಕೀಳಲಿಲ್ಲ.

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಭೆ.
ಬೋನಿಡಿ ಎಂದ ಬೇಕರಿಯ ವಾಹಾನ್,
ಗುಂಡು ಹಾಕಿ ಎಂದಿತು ಹಿಂದಿನ ಸಾಲು.
ಪ್ರಾಣಿ ಇಲಾಖೆಯ ಮರಿಸೋಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.
ಒಂದನ್ನು ಒಯ್ದರೆ ಇನ್ನೊಂದು ಬರುತ್ತದೆ,
ಖಾಲಿಯಾದ ಬಾಡಿಗೆ ಮನೆಗೆ ಬಂದ ಹಾಗೆ.
ಕಸದ ಡಬ್ಬಿಗೆ ಬಿಗಿ ಮುಚ್ಚಳ, ಬೆಕ್ಕು ಒಳಗೆ,
ಬಿದ್ದ ಹಣ್ಣು ಬಿದ್ದ ದಿನವೇ ಆರಿಸಿ.
ಎದುರಾದರೆ ಓಡಬೇಡಿ, ಬೆನ್ನು ಕೊಡಬೇಡಿ,
ಕೈ ಎತ್ತಿ ದೊಡ್ಡವರಾಗಿ, ಪಾತ್ರೆ ಬಡಿಯಿರಿ.
ಆಮೇಲೆ ದನಿ ತಗ್ಗಿಸಿ,
"ಯಾರೋ ಅನ್ನ ಹಾಕುತ್ತಿದ್ದೀರಿ.
ಅದಕ್ಕೆ ನಮ್ಮ ಅಂಜಿಕೆ ಪೂರಾ ಹೋದ ದಿನ
ನಾನು ಬರಬೇಕಾಗುತ್ತದೆ. ಬೇರೆ ಕೆಲಸಕ್ಕೆ."

ಅರಕ್ಸಿ ಚೀಲದ ಜಿಪ್ಪು ತೆಗೆದಳು, ಹಾಕಿದಳು, ತೆಗೆದಳು.
ನಾನು ಗೋಡೆಯ ಗಡಿಯಾರ ಓದುತ್ತಿದ್ದೆ.

ಗುರುವಾರ. ಇನ್ನೂ ಬೆಳಕಿತ್ತು.
ನನ್ನ ಬೆನೊ, ಎರಡೂವರೆ ವರ್ಷ, ಮರಳಿನ ತೊಟ್ಟಿಯಲ್ಲಿ
ಕೆಂಪು ಬಕೆಟ್ಟು ಮಗುಚಿ ಕೇಕು ಮಾಡುತ್ತಿದ್ದ.
ಹತ್ತು ಹೆಜ್ಜೆ ಆಚೆ ಅದು ಕುಳಿತಿತ್ತು,
ಊಟದ ಗಂಟೆಗೆ ಕಾದ ಹುಡುಗನಂತೆ, ಸಭ್ಯವಾಗಿ.
ಮಗು ಅದಕ್ಕೊಂದು ಕೇಕು ಚಾಚಿತು.

ಗಂಟಲಲ್ಲಿ ಸದ್ದೇ ಹುಟ್ಟಲಿಲ್ಲ ನನಗೆ.
ಎತ್ತಿ ಎದೆಗೊತ್ತಿ, ಮುಖ ಅದರ ಕಡೆಗೇ ಇಟ್ಟು
ಹಿಂದೆ ಹಿಂದೆ ಸರಿದೆ.
ಬೇಲಿಯಾಚೆಯಿಂದ ಅರಕ್ಸಿ ಪಾತ್ರೆ ಹಿಡಿದು ಓಡಿ ಬಂದಳು,
ಸಭೆಯಲ್ಲಿ ಹೇಳಿಕೊಟ್ಟ ಹಾಗೇ ಬಡಿದಳು
ಟಣ್, ಟಣ್, ಟಣ್
ಕಯೋಟಿ ಕಿವಿ ನಿಮಿರಿಸಿತು,
ಸೀದಾ ಅವಳತ್ತ ನಡೆಯಿತು.

ಸೌಟು ಅವಳ ಕೈಯಿಂದ ಬಿತ್ತು.
ಬರಿಗೈ ಎರಡೂ ಮೇಲೆತ್ತಿ,
ಐದಡಿಯೂ ಇಲ್ಲದ ಹೆಂಗಸು, ಏಪ್ರನ್ನಿನಲ್ಲಿ,
"ಗ್ನಾ!" ಅಂದಳು. ಅವರಮ್ಮನ ಭಾಷೆಯಲ್ಲಿ, ಹೋಗು.
ಇನ್ನೂರು ಮಕ್ಕಳ ಮೇಲೆ ಎಂದೂ ಎತ್ತದ ದನಿ.
ಒಂದೊಂದೇ ಹೆಜ್ಜೆ ಮುಂದಿಟ್ಟು,
ತಾಗದ ಹಾಗೆ ಚಪ್ಪಲಿ ಎಸೆದು,
ಗ್ನಾ, ಗ್ನಾ.

ಅದು ಸರಿದು, ನಿಂತು, ಅವಳನ್ನೇ ನೋಡಿತು.
ಅರ್ಥವಾಗಲಿಲ್ಲ ಅದಕ್ಕೆ.
ಅರ್ಥವಾಗುವವರೆಗೆ ಕೂಗಿದಳು.
ಗೇಟು, ರಸ್ತೆ, ಕಾಲುವೆ,
ಆಮೇಲೆ ಬರೀ ಹುಲ್ಲು.

ರಾತ್ರಿ ಟಾರ್ಚು ಹಿಡಿದು ಇಬ್ಬರೂ
ಬಿದ್ದ ಏಪ್ರಿಕಾಟು ಆರಿಸಿದೆವು, ಬೆನೊನ ಬಕೆಟ್ಟಿಗೆ.
ಜಾಮಿನ ಮಾತು ನಾನು ಎತ್ತಲಿಲ್ಲ.
ಅವಳ ಗಂಟಲು ಕಟ್ಟಿತ್ತು, ಪಿಸುಗುಟ್ಟಿದಳು:
"ನಾಳೆಯೂ ಕೂಗಬೇಕು. ನಾಡಿದ್ದೂ.
ಎರಡೂವರೆ ತಿಂಗಳು ಕಲಿಸಿದ್ದೇನಲ್ಲ."

ಗುಡ್ಡದ ಮೇಲೆ ಮರಿಗಳು ಕೂಗಿಕೊಂಡವು, ಮೂರೋ, ಐದೋ.
ಅವಳು ಒಳಗೆ ಹೋದಳು.
ಕಿಟಕಿಯಲ್ಲಿ ಕಂಡಳು, ಪಾತ್ರೆ ತೊಳೆಯುತ್ತಿದ್ದಳು
ಎಲ್ಲಿಯೂ ತಾಗಿಸದೆ,
ನಿದ್ದೆಹೋದ ಮಗುವಿನ ಕಾಲು ತೊಳೆದ ಹಾಗೆ.