ಎರಡು ಮಿಲಿ

ಸೂರ್ಯ ಹವಳ ಅಂತ ಹೆಸರು.
ಬೆಳಕಿನ ಹಂಗು ಮಾತ್ರ ಇಲ್ಲ ಅದಕ್ಕೆ.
ಹಗಲೆಲ್ಲ ಬಾಯಿ ಬಿಗಿದ ಕಿತ್ತಳೆ ಗಂಟುಗಳ ಒಂದು ಕಲ್ಲು.
ರಾತ್ರಿ ಹನ್ನೊಂದರ ಮೇಲೆ
ಒಂದೊಂದೇ ಗಂಟು ಸಡಿಲಿ
ಬೆರಳು ಚಾಚುತ್ತದೆ ಊಟಕ್ಕೆ.

ಹನ್ನೊಂದಕ್ಕೆ ನಾನು ಮನೆಯಲ್ಲಿರುವುದಿಲ್ಲ.
ಸೇಡಂ ರಸ್ತೆಯ ಆಸ್ಪತ್ರೆ, ಎರಡನೇ ಮಹಡಿ,
ಆರು ಡಯಾಲಿಸಿಸ್ ಯಂತ್ರ, ಆರು ಮಂಚ,
ರಾತ್ರಿ ಪಾಳಿಗೆ ನಾನೊಬ್ಬಳು.

ಮೊದಲು ಅತ್ತಿಗೆ ಸುಗಲಾ ಹಾಕುತ್ತಿದ್ದಳು
ಸೂಜಿಯಿಲ್ಲದ ಸಿರಿಂಜಿನಲ್ಲಿ.
ಒಂದು ದಿನ ಹತ್ತು ಹನಿ, ಒಂದು ದಿನ ನಿದ್ದೆ.
ಫ್ರಿಜ್ಜಿನಲ್ಲಿ ಪ್ಲಾಂಕ್ಟನ್ ಬಾಟಲಿ ಇಟ್ಟದ್ದು
ರಂಜಕದ ಭರಣಿಯ ಪಕ್ಕ.
ಎರಡೂ ಕೆಂಪೇ.
ಅಣ್ಣ ರೊಟ್ಟಿಗೆ ಹಚ್ಚಿಕೊಂಡು ಉಂಡ.
‘ಉಪ್ಪು ಜಾಸ್ತಿ ಆಗ್ಯಾದ’ ಅಂದ, ಅಷ್ಟೇ.

ಗುಜರಿಗೆ ಹೊರಟಿದ್ದ ಹಳೇ ಯಂತ್ರದ ಪಂಪು
ಸಹಿ ಹಾಕಿ ಕೇಳಿ ತಂದೆ.
ನಳಿಗೆಯನ್ನು ಉರುಳೆರಡು ಒತ್ತುತ್ತ ಸುತ್ತುವುದು;
ಒಂಬತ್ತು ವರ್ಷ ಜನರ ರಕ್ತ ತಿರುಗಿಸಿದ್ದು,
ನಿಮಿಷಕ್ಕೆ ಇನ್ನೂರು ಮಿಲಿ.
ಸೂಪರ್ ಮಾರ್ಕೆಟ್ಟಿನ ಮೊಬೈಲ್ ರಿಪೇರಿಯ ಮುನ್ನಾ
ಸಣ್ಣ ನಳಿಗೆ ಹಾಕಿ, ಟೈಮರ್ ಕೂಡಿಸಿ,
ಮುದುಕನಿಗೆ ನಡಿಗೆ ಕಲಿಸಿದಂತೆ ನಿಧಾನ ಕಲಿಸಿದ:
ರಾತ್ರಿಗೆ ನಾಲ್ಕು ಸಲ,
ಸಲಕ್ಕೆ ಎರಡು ಮಿಲಿ.
ಫ್ರಿಜ್ಜಿನ ಬಾಗಿಲ ರಬ್ಬರಿನಲ್ಲಿ ತೂತು.
ಬಾಟಲಿಯ ತಳದಲ್ಲಿ, ಗಷ್ಟು ಕೂರದಿರಲೆಂದು,
ಒಡೆದ ಸ್ಪೀಕರಿನ ಅಯಸ್ಕಾಂತ.

ಮೇ ತಿಂಗಳು. ನಲವತ್ನಾಲ್ಕು ಡಿಗ್ರಿ.
ಒಂದು ರಾತ್ರಿ ಕರೆಂಟು ಹನ್ನೊಂದು ಸಲ ಹೋಗಿ ಬಂತು.
ಬಂದಾಗೊಮ್ಮೆ ಟೈಮರಿಗೆ ಹೊಸ ರಾತ್ರಿ,
ಬಂದಾಗೊಮ್ಮೆ ಊಟದ ಹೊತ್ತು.
ಬೆಳಗ್ಗೆ ತೊಟ್ಟಿ ತುಂಬ ಕೆಂಪು ನೊರೆ.
ಸುಗಲಾ ಮೂಗಿಗೆ ಸೆರಗು ಒತ್ತಿ ನಿಂತಿದ್ದಳು.
ಹವಳ ಒಂಬತ್ತು ದಿನ ಬಾಯಿ ತೆರೆಯಲಿಲ್ಲ.

ಲಾಡ್ಲೇಸಾಬರಿಗೆ ಇದನ್ನೆಲ್ಲ ಹೇಳಿದೆ,
ನಾಲ್ಕು ಗಂಟೆ ಕೈಯಲ್ಲಿ ಸೂಜಿ ಇಟ್ಟುಕೊಂಡವರಿಗೆ
ಮಾತೂ ಒಂದು ಔಷಧ.
ಅವರದೂ ಅದೇ ಲೆಕ್ಕ:
ದಿನಕ್ಕೆ ಏಳುನೂರು ಮಿಲಿ ನೀರು,
ಈ ಊರಿನಲ್ಲಿ, ಈ ಬಿಸಿಲಿನಲ್ಲಿ.
ಅವತ್ತು ತೂಕ ಮೂರೂವರೆ ಕಿಲೋ ಹೆಚ್ಚು.
ನಾನು ಕೇಳುವ ಮೊದಲೇ ಅಂದರು,
‘ಕಲ್ಲಂಗಡಿ, ಬಾಯಿ. ಮೊಮ್ಮಗ ತಂದಿದ್ದ.
ಬ್ಯಾಡ ಅನ್ನಲಿಕ್ಕೆ ಮನಸ್ಸಾಗಲಿಲ್ಲ.’

ಶಹಾಬಾದದ ಖಣಿಯಲ್ಲಿ ಮೂವತ್ತು ವರ್ಷ ಫರಸಿ ಸೀಳಿದವರು.
‘ಕಲ್ಲು ಎಬ್ಬಿಸಿದಾಗ ಒಳಗ ನೀರಿನ ತೆರಿ ಕಾಣ್ತಿದ್ವು,
ಈಗಷ್ಟೇ ಗಾಳಿ ಬೀಸಿ ಹೋದಂಗ.
ಇಲ್ಲಿ ಸಮುದ್ರ ಇತ್ತಂತ, ಸಾಹೇಬ ಒಬ್ಬ ಹೇಳಿದ್ದ.
ನಾವು ನಂಬಲಿಲ್ಲ, ಕುಡಿಲಿಕ್ಕೇ ನೀರಿಲ್ಲ ಅಂತ ನಕ್ಕೆವು.’
ಯಂತ್ರದ ಉರುಳು ಎರಡು ಸುತ್ತು ತಿರುಗಿತು.
‘ನಿಮ್ಮ ಮನ್ಯಾಗ ಫರಸಿ ಅದ?’
ಅದ, ಅಂದೆ.
‘ಉಪ್ಪುನೀರು ಚೆಲ್ಲಿದ್ರ ಲಗೂನ ಒರಸ್ರಿ,
ಬಿಳಿ ಕಲೆ ಕೂಡ್ತದ. ಆಮ್ಯಾಲ ಹೋಗಂಗಿಲ್ಲ.’

ಮುನ್ನಾ ಗುಂಡಿಯಂಥ ಒಂದು ಬ್ಯಾಟರಿ ಹಾಕಿಕೊಟ್ಟ,
ಕರೆಂಟು ಹೋದರೂ ಹೊತ್ತು ಮರೆಯದ ಹಾಗೆ.
ನೂರ ಎಂಬತ್ತು ರೂಪಾಯಿ.
ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದೆ:
ಎರಡು, ಎರಡು, ಎರಡು, ಎರಡು.
ಈಗ ಯಾರೂ ಎಚ್ಚರ ಇರಬೇಕಿಲ್ಲ
ಅಂತ ಸುಗಲಾಗೆ ಹೇಳಿದೆ.
ಅವಳು ಏನೂ ಅನ್ನಲಿಲ್ಲ.

ಹತ್ತನೇ ರಾತ್ರಿ, ಎರಡು ಗಂಟೆ,
ಮೂರನೇ ಮಂಚದ ಯಂತ್ರ ಕೂಗುತ್ತಿರುವಾಗ
ಅವಳ ಫೋನು.
ಪಿಸುಮಾತು, ತೊಟ್ಟಿಗೆ ಕೇಳಿಸೀತು ಎಂಬಂತೆ:
‘ತೆರದದ. ಎಲ್ಲಾನೂ ತೆರದದ.
ಬೆರಳು ಆಡಿಸ್ಲತ್ತದ ನೋಡು, ಕೂಸಿನಂಗ.’
ಆಮೇಲೆ ಸುಮ್ಮನಾಗಿ,
‘ಬೈಬ್ಯಾಡ.
ನಾ ಮ್ಯಾಲ ಎರಡು ಹನಿ ಹಾಕೀನಿ.’

ಕೂಗುವ ಯಂತ್ರ ನಿಲ್ಲಿಸಿ,
ಮಡಿಚಿಕೊಂಡ ನಳಿಗೆ ಬಿಡಿಸಿ,
ಮನೆಗೆ ಬಂದು ಬರೆದೆ:
ಎರಡು ಮಿಲಿ.
ಮೇಲೆ ಎರಡು ಹನಿ, ಸುಗಲಾ.