ಕೇಳಿದ್ದಕ್ಕ ಎಷ್ಟು?

ಧೂಳಪ್ಪನ ಅಂಗಡಿ ಹಿಂದಿನ ಖೋಲ್ಯಾಗ
ಕೂಲರ್ ಗಾಳಿಗೆ ಮೈಯೊಡ್ಡಿ ಕುಂತಿರ್ತಿತ್ತು
ಹೈದರಾಬಾದಿನಿಂದ ತಂದ ಡಬ್ಬಿ.
ಅದರ ಕೆಲಸ ಒಂದೇ:
ನೆಟ್ಟಗಿದ್ದ ಚಿತ್ರಾನ ಸೊಟ್ಟ ಮಾಡೋದು.
ತಿಂಗಳಿಗೆ ನಲವತ್ತು ಹೆಚ್ಚಿಗಿ ಕೊಟ್ಟವರ ಮನ್ಯಾಗ
ಇನ್ನೊಂದು ಡಬ್ಬಿ ಅದನ್ನೇ
ಮತ್ತ ನೆಟ್ಟಗ ಮಾಡ್ತಿತ್ತು.

ನಾ ಮಶಾಕ. ಕಂಬ ಹತ್ತಾಂವ.
ವಾಯರ್ ಹಲ್ಲಿಲೆ ಸುಲದು ಸುಲದು
ತುಟಿ ಹರಕೊಂಡಾಂವ.
ಶಹಾಬಾದದ ಮಾಳಿಗಿ ಫರಸಿ ಎಲ್ಲಾ ನನ್ನ ಅಂಗಾಲಿಗೆ ಗೊತ್ತು,
ಯಾವುದು ಸುಡ್ತದ, ಯಾವುದು ಅಲುಗ್ತದ,
ಯಾವುದರ ಬುಡಕ
ಬಾಜೂ ಮನಿಗಿ ಕಳ್ಳ ಎಳಿ ಹೋಗ್ಯಾದ.

ಖಣಿ ಓಣಿ ಜಗದೇವಿ ಆ ನಲವತ್ತು ಕೊಡಲಿಲ್ಲ.
ಆದ್ರ ವಸೂಲಿಗೆ ಹೋದಾಗೆಲ್ಲ
ಅದೇ ಚಾನೆಲ್ ಹಚ್ಚಿರ್ತಿದ್ಲು.
ಪರದೆ ತುಂಬ ಹುಳ ಹರದಾಡಿದಂಗ ಗೆರಿ,
ಹೆಣ್ಣೋ ಗಂಡೋ ತಿಳೀದ ಆಕಾರ.
ಟೀವಿಗೆ ಬೆನ್ನು ಮಾಡಿ
ಜಂಪರಿಗೆ ಗುಂಡಿ ಹಚ್ತಿದ್ಲು.

"ಏನ್ ಕಾಣ್ತದ ಅಕ್ಕಾ ಇದರಾಗ?"

"ನನಗ್ಯಾಕ ಕಾಣಬೇಕೋ ತಮ್ಮಾ,
ಕಣ್ಣು ಸೂಜ್ಯಾಗ ಅವ.
ದನಿ ಚೊಕ್ಕ ಬರ್ತದಲ್ಲ.
ಅತ್ತಿ ಯಾರು, ಸೊಸಿ ಯಾರು, ಬಾಗಲಾ ಯಾರು ಬಡದ್ರು,
ಉಸಿರಿನಾಗೇ ತಿಳೀತದ.
ಸೀರಿ ಬಣ್ಣ ನಾನೇ ಹಚ್ಕೋತೀನಿ.
ಸಣ್ಣಾಕಿದು ಕುಸುಬಿ ಹೂವಿನ ಬಣ್ಣ, ಹೌದಿಲ್ಲೋ?"

ಅಂಗಡ್ಯಾಗ ನಾ ನೋಡಿದ್ದೆ. ಬೂದಿ ಬಣ್ಣ ಇತ್ತು.
"ಹೌದಕ್ಕಾ" ಅಂದೆ, "ಕುಸುಬಿನೇ."

ಖರೆ, ಆ ಡಬ್ಬಿ ಚಿತ್ರ ಅಷ್ಟೇ ಕಲಸ್ತಿತ್ತು,
ದನಿ ಮುಚ್ಚೋದು ಅದಕ್ಕ ಬರ್ತಿರಲಿಲ್ಲ.
ಧೂಳಪ್ಪಗ ನಾ ಹೇಳಲಿಲ್ಲ.
ಹೇಳಿದ್ರೂ ಏನ್ ಬರೀತಿದ್ದ ವಹಿಯಾಗ,
ನೋಡಿದ್ದಕ್ಕ ನಲವತ್ತು,
ಕೇಳಿದ್ದಕ್ಕ ಎಷ್ಟು?

ಆಮ್ಯಾಲ ಕರಿ ಬಾಕ್ಸ್ ಬಂತು, ಮನಿಗೊಂದು ಕಾರ್ಡು.
ಈಗ ರೊಕ್ಕ ಮುಗೀತಂದ್ರ
ಗೆರಿ ಇಲ್ಲ, ಹುಳ ಇಲ್ಲ, ಪಿಸುಮಾತೂ ಇಲ್ಲ;
ನೀಲಿ ಗ್ವಾಡಿ, ಅದರ ಮ್ಯಾಲ ಒಂದು ನಂಬರು.
ನಾ ಕಂಬ ಹತ್ತೋದೂ ಬ್ಯಾಡ.
ಯಾವೂರಾಗೋ ಕುಂತು ಯಾರೋ
ಗುಂಡಿ ಒತ್ತತಾರ.

ಮೊನ್ನೆ ಆ ಓಣ್ಯಾಗ ಹಾದೆ.
ಮಷೀನಿನ ಸಪ್ಪಳ ಅಷ್ಟೇ ಕೇಳ್ತಿತ್ತು.
ಇಣುಕಿದ್ರ, ನೀಲಿ ಬೆಳಕಿಗೆ ಬೆನ್ನು ಮಾಡಿ ಜಗದೇವಿ.
"ಸಣ್ಣಾಕಿ ತವರಿಗಿ ಹೋದ್ಲೇನೋ? ಅಲ್ಲಿಗೇ ನಿಂತದ ನನಗ."

ಹೊಸ್ತಿಲದಾಗ ಕುಂತೆ. ಹಗ್ಗ, ಪಕ್ಕಡ್ ಬಾಜೂಕ ಇಟ್ಟೆ.
ಹೋದ್ಲು, ಅಂದೆ. ಸಂಜಿ ಆಗಿತ್ತು. ಟ್ರಂಕು ಅಷ್ಟೇ ಒಯ್ದಳು.
ಉಟ್ಟಿದ್ದು ಎಂಥಾದಂದ್ರ...

"ಅದಿರಲಿ," ಅಂದ್ಲು ಹಲ್ಲಿಲೆ ದಾರ ಕಡಿದು,
"ಅದು ನನಗ ಗೊತ್ತದ. ಮುಂದ ಹೇಳು."