ಗುತ್ತಿಗೆ

ಬೆಳಗಿನ ನಾಲ್ಕು. ಗ್ರಿಮ್ಸ್‌ಬಿಯ ಮೀನಿನ ಧಕ್ಕೆ.
ಐಸಿನ ಮೇಲೆ ಕಾಡ್, ಹ್ಯಾಡಕ್ ಸಾಲಾಗಿ ಬಾಯಿ ತೆರೆದಿವೆ,
ಹರಾಜಿನ ಪರದೆ ಮಾತ್ರ ಬಾಯಿ ಬಿಡದು.
"ಮತ್ತೆ ಹೋಯ್ತು, ಶ್ಯಾರನ್," ಅಂದಳು
ರಬ್ಬರ್ ಬೂಟಿನ ಗ್ವೆನ್ ಟಾಸ್ಕರ್.
ನನ್ನ ಹೆಸರು ಶಾರ್ವರಿ.
ಮೂರು ಸಲ ಹೇಳಿದ್ದೇನೆ. ಒಂದು ದಿನ ನಿಲ್ಲುತ್ತದೆ,
ಮರುದಿನ ಅಳಿಸಿಹೋಗಿರುತ್ತದೆ.

ತೂಕದ ಕೋಣೆಯ ಲಿನಕ್ಸ್ ಪೆಟ್ಟಿಗೆ,
ಕೀಲಿಗಳ ಸಂದಿಯಲ್ಲಿ ಮೀನಿನ ಹುರುಪೆ.
ತಂತಿ ಸರಿಯಿದೆ. ಪಿಂಗ್ ಹೋಗಿ ಬರುತ್ತದೆ.
ಅಂಕಿಯಿಂದ ಕರೆದರೆ ಜಗತ್ತೆಲ್ಲ ಓಗೊಡುತ್ತದೆ,
ಹೆಸರು ಹಿಡಿದು ಕೂಗಿದರೆ
ಯಾರೂ ಇಲ್ಲ.

ರಿಸಾಲ್ವ್ ಕಾನ್ಫ್ ತೆರೆದೆ. ಮೊದಲ ಸಾಲಲ್ಲೇ ತಾಕೀತು:
ಕೈಯಿಂದ ತಿದ್ದಬೇಡಿ, ತಿದ್ದಿದ್ದು ಉಳಿಯದು.
ತಿದ್ದಿದೆ. ಹಾಗಂದರೆ ಯಾರು ಸುಮ್ಮನಿರುತ್ತಾರೆ?
ಪರದೆ ಬೆಳಗಿತು, ಹ್ಯಾಡಕ್ ಬೆಲೆ ಏರಿತು, ಗ್ವೆನ್ ಚಹಾ ತಂದಳು.
ಹತ್ತಕ್ಕೆ ನೋಡಿದರೆ ಹಳೇ ಅಂಕಿ
ಏನೂ ಆಗಿಲ್ಲವೆಂಬಂತೆ ಕೂತಿದೆ.

ಕಡತಕ್ಕೇ ಬೀಗ ಜಡಿದೆ, ರೂಟ್ ಬಂದರೂ ಬರೆಯದ ಹಾಗೆ.
ರಾತ್ರಿ ಮಲಗಿದಾಗ ನಾಚಿಕೆಯಾಯಿತು:
ಕದ ತಟ್ಟುವವನ ಮುಖವನ್ನೂ ನೋಡದೆ
ಅಗಳಿ ಹಾಕಿಕೊಂಡವಳು ನಾನು.

ಮರುದಿನ ಅಗಳಿ ತೆಗೆದು
ಲಾಗ್ ಓಡಿಸಿಟ್ಟು, ಬೆಕ್ಕಿನಂತೆ ಕಾದೆ.
ಆರು ಗಂಟೆಗೊಮ್ಮೆ ಗುತ್ತಿಗೆ.
ಈ ಪೆಟ್ಟಿಗೆ ತನ್ನ ವಿಳಾಸಕ್ಕೇ ಒಕ್ಕಲು ಕಣ್ರೀ,
ಕೇಳುತ್ತದೆ: ಇಲ್ಲೇ ಇರಲೇ?
ಇರು, ಎನ್ನುತ್ತದೆ ಎಲ್ಲೋ ಒಂದು ರೌಟರ್,
ಇಗೋ, ಹೆಸರು ವಿಚಾರಿಸುವ ಮನೆ ಇದು ಎಂದು
ಒಂದು ಅಂಕಿ ಕೈಗಿಡುತ್ತದೆ.

ತಂತಿಯ ಜಾಡು ಹಿಡಿದು ಹೋದೆ.
ಐಸ್ ಯಂತ್ರದ ಹಿಂದೆ, ಖಾಲಿ ಕ್ರೇಟುಗಳಡಿ
ಮಿಣುಕುವ ಹಸಿರು ಕಣ್ಣು.
ಮೇಲೆ ಅಂಟುಪಟ್ಟಿ, ಡೆನ್ನಿಸ್‌ನ ಕೈಬರಹ: ಮುಟ್ಟಬೇಡಿ.
ಅವನು ತೀರಿಕೊಂಡು ಎರಡು ಚಳಿಗಾಲ.
ಅವನ ಸರ್ವರನ್ನು ಗುಜರಿಗೆ ಹಾಕಿದವಳು ನಾನೇ, ಮಾರ್ಚಿನಲ್ಲಿ.
ಇದಕ್ಕೆ ಯಾರೂ ಹೇಳಿರಲಿಲ್ಲ.
ಇಲ್ಲದ ಮನೆಯ ದಾರಿಯನ್ನು
ದಿನಕ್ಕೆ ನಾಲ್ಕು ಸಲ, ತಪ್ಪದೆ, ತೋರಿಸುತ್ತಿತ್ತು.

ಒಂದು ಸಾಲು ತಿದ್ದಿದೆ. ಪಟ್ಟಿ ಕೀಳಲಿಲ್ಲ.
ಸಂಜೆ ನಾಲ್ಕಕ್ಕೆ ಪೆಟ್ಟಿಗೆ ಕೇಳಿತು,
ಹೊಸ ಅಂಕಿ ಬಂತು, ನಿಂತಿತು.

"ಥ್ಯಾಂಕ್ಸ್, ಶ್ಯಾರನ್."
ಹೊರಡುವಾಗ ಬಾಗಿಲ ಪಕ್ಕದ ಪಾಳಿಪಟ್ಟಿ ಕಣ್ಣಿಗೆ ಬಿತ್ತು,
ದಿನಾ ಬೆಳಿಗ್ಗೆ ಎಲ್ಲರೂ ಓದುವುದು,
ಡೆನ್ನಿಸ್ ಬರೆದು ಪ್ಲಾಸ್ಟಿಕ್ ಹೊದಿಸಿದ್ದು.
ನಾಲ್ಕನೇ ಸಾಲು: ಶ್ಯಾರನ್.
ಪೆನ್ನು ತೆಗೆದೆ.
ಪ್ಲಾಸ್ಟಿಕ್ಕಿನ ಮೇಲೆ ಮಸಿ ಹಿಡಿಯಲಿಲ್ಲ.